ನಾಣ್ಯದ ದರ್ಜೆ

ಮನುಷ್ಯರ ವಿಷಯದಲ್ಲಿ ತೀರ್ಪು ಹೇಳುವುದು ನಮಗೆಲ್ಲ ಬಹಳ ಸುಲಭ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನು ಎಂಥವನೆಂಬುದು ಗುಬ್ಬಿಯಿಂದ ತುಮಕೂರಿಗೆ ಬರುವುದರೊಳಗೆ ನಮ್ಮ ಮನಸ್ಸಿನಲ್ಲಿ ಇತ್ಯರ್ಥವಾಗಿರುತ್ತದೆ; ಇಳಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅವನ ಮುಖ ಮರೆತಿರುತ್ತದೆ, ತೀರ್ಪು ಮಾತ್ರ ಉಳಿದಿರುತ್ತದೆ. ಆದರೆ ಒಂದು ರೂಪಾಯಿಯ ನಾಣ್ಯವನ್ನು ನನ್ನ ಕೈಗಿತ್ತು, “ಇದು ಯಾವ ದರ್ಜೆಯದು, ಹೇಳಿ” ಎಂದು ಯಾರಾದರೂ ಕೇಳಿದರೆ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ, ದೀಪದ ಹತ್ತಿರ ಹೋಗುತ್ತೇನೆ, ನಾಣ್ಯವನ್ನು ಅತ್ತ ಇತ್ತ ವಾಲಿಸಿ ನೋಡುತ್ತೇನೆ, ಭೂತಗನ್ನಡಿಯನ್ನು ಹುಡುಕುತ್ತೇನೆ. ಹತ್ತು ನಿಮಿಷವಾದರೂ ಬಾಯಿ ಬಿಡುವುದಿಲ್ಲ. ಒಂದು ರೂಪಾಯಿಗೆ ಸಲ್ಲುವ ಈ ಸಾವಧಾನ ಮನುಷ್ಯನಿಗೇಕೆ ಸಲ್ಲಬಾರದು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಬಾಧಿಸುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ, ಅದು ಇನ್ನೂ ಕಷ್ಟದ್ದು: ದುಡಿದು ಸವೆದದ್ದಕ್ಕೆ ಕೆಳಗಿನ ದರ್ಜೆ, ಏನೂ ಮಾಡದೆ ಹೊಳೆಯುತ್ತಿರುವುದಕ್ಕೆ ಮೇಲಿನ ದರ್ಜೆ ಎನ್ನುವುದು ನ್ಯಾಯವೇ?

ನಾನು ವಾಸವಾಗಿರುವುದು ತುಮಕೂರಿನ ಸತ್ಯಮಂಗಲದಲ್ಲಿ. ಊರಿನ ಹೆಸರು ದೊಡ್ಡದು. ಆದರೆ ಈಗ ಆ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಲೆಕ್ಕವಿಲ್ಲದಷ್ಟು ಉತ್ತರಪತ್ರಿಕೆಗಳಿಗೆ ಅಂಕ ಹಾಕಿ, ನಿವೃತ್ತನಾಗಿ ಕುಳಿತವನಿಗೆ ಇನ್ನೂ ಅಂಕ ಹಾಕುವ ಚಪಲ ಉಳಿದಿತ್ತೆಂದು ತೋರುತ್ತದೆ; ನಾಣ್ಯಗಳ ಹುಚ್ಚು ಹತ್ತಿತು. ವಿಜಯನಗರದ ವರಹ, ಟಿಪ್ಪುವಿನ ಆನೆಯ ಕಾಸು ಇವೆಲ್ಲ ಹಣವಂತರ ಸಂಗ್ರಹ. ನನ್ನದು ಚಲಾವಣೆಯ ಚಿಲ್ಲರೆ. ದಿನಸಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೂವಾಡಗಿತ್ತಿಯ ಕೈಯಲ್ಲಿ ಬಂದ ಒಂದು, ಎರಡು, ಐದು, ಹತ್ತು ರೂಪಾಯಿಗಳನ್ನು ನೋಡಿ ಆರಿಸಿ ಇಡುವುದು. ಮುಖಬೆಲೆಗೇ ಸಿಕ್ಕುವ ಹವ್ಯಾಸ ಇದೊಂದೇ. ಬೇಸರವಾದ ದಿನ ಅದೇ ಬೆಲೆಗೆ ಮಾರಿ ಕಾಫಿ ಕುಡಿಯಬಹುದು.

ಮೊದಲು ಹೊಳಪಿನ ಮಾತು ಹೇಳುತ್ತೇನೆ. ಎಲ್ಲ ತೀರ್ಪೂ ಅಲ್ಲಿಂದಲೇ ಹೊರಡುತ್ತದೆ. ನಮ್ಮ ದೇಶದ ನಾಣ್ಯ ನಾಲ್ಕು ಟಂಕಸಾಲೆಗಳಲ್ಲಿ ಹುಟ್ಟುತ್ತದೆ. ಇಸವಿಯ ಕೆಳಗೆ ವಜ್ರಾಕಾರದ ಗುರುತಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಲೋಹದ ಹಾಳೆಯಿಂದ ಕತ್ತರಿಸಿದ ಬಿಲ್ಲೆಯೊಂದು ಎರಡು ಅಚ್ಚುಗಳ ನಡುವೆ ಬಂದು ಕೂಡುತ್ತದೆ. ಅದರ ಮೇಲೆ ಏಟು ಬೀಳುತ್ತದೆ. ಆ ಒತ್ತಡದಲ್ಲಿ ಗಟ್ಟಿ ಲೋಹವೂ ಕ್ಷಣಮಾತ್ರ ಕಲಸಿದ ಹಿಟ್ಟಿನಂತಾಗಿ ಅಂಚಿನ ಕಡೆಗೆ ಸರಿಯುತ್ತದೆ, ಅಚ್ಚಿನ ಸಂದುಗೊಂದುಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೆ ಸರಿದ ಗುರುತು ಬರಿಯ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಮೇಲ್ಮೈಯಲ್ಲಿ ನಿಲ್ಲುತ್ತದೆ. ಹೊಸ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ಮೆಲ್ಲಗೆ ವಾಲಿಸಿದರೆ, ಈ ಗೆರೆಗಳ ಮೇಲೆ ಬಿದ್ದ ಬೆಳಕು ಬಂಡಿಯ ಚಕ್ರದ ಅರಗಳಂತೆ ಸುತ್ತುತ್ತದೆ. ಇದನ್ನು ನಾನು ಹುಟ್ಟುಹೊಳಪು ಎಂದು ಕರೆಯುತ್ತೇನೆ. ಇದು ಒಂದೇ ಸಲ ಬರುವಂಥದು. ಒಮ್ಮೆ ಹೋದರೆ ಟಂಕಸಾಲೆಯವರೂ ಇದನ್ನು ಮತ್ತೆ ತರಲಾರರು.

ನಾಣ್ಯ ಕೈಯಿಂದ ಕೈಗೆ ಹೋಗತೊಡಗಿದೊಡನೆ ಮೊದಲು ಸವೆಯುವುದು ಅದರ ಉಬ್ಬುಗಳು. ೧೯೯೨ರಿಂದ ಚಲಾವಣೆಗೆ ಬಂದ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿಯನ್ನು ನೀವೆಲ್ಲ ಬಲ್ಲಿರಿ: ೨೫ ಮಿಲಿಮೀಟರಿನ ಅಗಲ, ೪.೮೫ ಗ್ರಾಂ ತೂಕ, ಒಂದು ಕಡೆ ಅಶೋಕಸ್ತಂಭದ ಸಿಂಹಗಳು, ಇನ್ನೊಂದು ಕಡೆ ತೆನೆಗಳ ನಡುವೆ ಬೆಲೆ. ಅದರಲ್ಲಿ ಸಿಂಹದ ಎದೆಯನ್ನೂ ಕೇಸರವನ್ನೂ ನೋಡಬೇಕು, ತೆನೆಯ ಕಾಳುಗಳನ್ನು ನೋಡಬೇಕು. ಎಲ್ಲ ಕಡೆಯೂ ಹುಟ್ಟುಹೊಳಪು ಅಖಂಡವಾಗಿದ್ದರೆ ಅದು ಚಲಾವಣೆಯಾಗದ ನಾಣ್ಯ. ಉಬ್ಬುಗಳ ತುದಿಯಲ್ಲಿ ಮಾತ್ರ ಹೊಳಪು ಮಾಸಿದ್ದರೆ ಅದರ ಕೆಳಗಿನ ದರ್ಜೆ. ಆಮೇಲೆ ಅತ್ಯುತ್ತಮ, ಉತ್ತಮ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತ, ಸಿಂಹ ಯಾವುದು, ಅಂಚು ಯಾವುದು ಎಂದು ತಿಳಿಯದಷ್ಟು ನುಣುಪಾದ ಬಿಲ್ಲೆಯವರೆಗೆ ಹೋಗಬಹುದು. ಚಲಾವಣೆಯಾಗದ ನಾಣ್ಯವೆಂದರೆ ಗೀರಿಲ್ಲದ್ದು ಎಂದು ಭಾವಿಸಬೇಡಿ. ಟಂಕಸಾಲೆಯಲ್ಲೇ ಒಂದರ ಮೇಲೊಂದು ಬಿದ್ದು, ಚೀಲದಲ್ಲಿ ಕುಲುಕಾಡಿ, ನಾಣ್ಯಗಳು ಒಂದನ್ನೊಂದು ಗಾಯಗೊಳಿಸಿರುತ್ತವೆ. ಹೊರಗಿನ ಲೋಕ ಮುಟ್ಟುವ ಮೊದಲೇ ಒಡಹುಟ್ಟಿದವರ ಉಗುರು ತಾಕಿರುತ್ತದೆ.

ಪ್ರೂಫ್ ನಾಣ್ಯಗಳೆಂದು ಒಂದು ಜಾತಿಯುಂಟು. ಸಂಗ್ರಾಹಕರಿಗೆಂದೇ ನಯಗೊಳಿಸಿದ ಅಚ್ಚಿನಿಂದ, ನಯಗೊಳಿಸಿದ ಬಿಲ್ಲೆಯ ಮೇಲೆ, ಸಾವಕಾಶವಾಗಿ ಒತ್ತಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಅದರ ಬಯಲು ಕನ್ನಡಿಯಂತಿರುತ್ತದೆ, ಚಿತ್ರದ ಭಾಗ ಇಬ್ಬನಿ ಕೂತಂತೆ ಮಂಜಾಗಿರುತ್ತದೆ. ಹವ್ಯಾಸಕ್ಕೆ ಹೊಸಬರಾದವರು ಪ್ರೂಫ್ ಎಂಬುದನ್ನು ಎಲ್ಲಕ್ಕಿಂತ ಮೇಲಿನ ದರ್ಜೆ ಎಂದು ತಿಳಿಯುತ್ತಾರೆ. ಅದು ದರ್ಜೆಯೇ ಅಲ್ಲ, ಹುಟ್ಟಿದ ರೀತಿ. ಪ್ರೂಫ್ ನಾಣ್ಯವೂ ಒರಟು ಕೈಗೆ ಸಿಕ್ಕರೆ ಕೆಡುತ್ತದೆ, ಕೆಳಗಿನ ದರ್ಜೆಗೆ ಇಳಿಯುತ್ತದೆ. ಯಾರು ಯಾವ ಮನೆಯಲ್ಲಿ ಹುಟ್ಟಿದರು ಎಂಬುದನ್ನೇ ಅವರ ದರ್ಜೆ ಎಂದು ತಿಳಿಯುವ ಅಭ್ಯಾಸ ನಾಣ್ಯಶಾಸ್ತ್ರದಲ್ಲಿ ಸಲ್ಲದು.

ಆದರೆ ನನಗೆ ಹೆಚ್ಚಿನ ಪಾಠ ಕಲಿಸಿದ್ದು ಹೊಳಪಲ್ಲ, ಚಪ್ಪಟೆತನ. ಒಂದು ರೂಪಾಯಿಯಲ್ಲಿ ಸಿಂಹದ ಎದೆ ಚಪ್ಪಟೆಯಾಗಿ ಕಾಣುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ಮೂರು ಕಾರಣಗಳಿರಬಹುದು. ಒಂದು, ಆ ನಾಣ್ಯ ಹುಟ್ಟುವಾಗಲೇ ಏಟು ಸಾಲದೆ ಲೋಹ ಅಚ್ಚಿನ ಆಳಕ್ಕೆ ಇಳಿದಿಲ್ಲ, ಇಲ್ಲವೆ ಅಚ್ಚೇ ಸವೆದಿತ್ತು. ಸ್ಟೇನ್‌ಲೆಸ್ ಸ್ಟೀಲು ಬಲು ಗಡುಸು. ಅಚ್ಚನ್ನು ಬೇಗ ಸವೆಸುತ್ತದೆ. ಆದ್ದರಿಂದ ಈ ದೋಷ ಅದರಲ್ಲಿ ಅಪರೂಪವಲ್ಲ. ಎರಡು, ನಾಣ್ಯ ಚೆನ್ನಾಗಿಯೇ ಹುಟ್ಟಿತ್ತು, ಇಪ್ಪತ್ತು ವರ್ಷ ದುಡಿದು ಸವೆಯಿತು. ಮೂರು, ಯಾರೋ ಕಲ್ಲಿಗೆ ತಿಕ್ಕಿದರು, ರೈಲಿನ ಕಂಬಿಯ ಮೇಲಿಟ್ಟರು, ಸುತ್ತಿಗೆಯಿಂದ ಬಡಿದರು. ಹುಟ್ಟಿನ ಕೊರತೆ, ದುಡಿಮೆಯ ಸವೆತ, ಪರರು ಮಾಡಿದ ಗಾಯ. ಮೇಲಿಂದ ನೋಡಿದರೆ ಮೂರೂ ಒಂದೇ ಚಪ್ಪಟೆ.

ಇವುಗಳನ್ನು ಬೇರೆ ಮಾಡಿ ಗುರುತಿಸುವುದು ಹೇಗೆ? ದೀಪದ ಕೆಳಗೆ ವಾಲಿಸಿ. ಚಪ್ಪಟೆಯಾದ ಎದೆಯ ಮೇಲೂ ಹುಟ್ಟುಹೊಳಪು ಕಡಿಯದೆ ಸುತ್ತಿದರೆ ಅದು ಹುಟ್ಟಿನ ಕೊರತೆ; ಆ ನಾಣ್ಯವನ್ನು ಲೋಕ ಇನ್ನೂ ಮುಟ್ಟಿಲ್ಲ. ಸುತ್ತಿ ಬರುವ ಬೆಳಕು ಎದೆಯ ಹತ್ತಿರ ಬಂದು ನಿಂತು, ಅಲ್ಲಿ ಬೂದುಬಣ್ಣದ ಮಚ್ಚೆ ಕಂಡರೆ ಅದು ಸವೆತ. ಒಂದೇ ದಿಕ್ಕಿಗೆ ಎಳೆದ ಗೆರೆಗಳು, ಜರುಗಿದ ಲೋಹ ಕಂಡರೆ ಅದು ಗಾಯ. ನೇರವಾಗಿ ಹಿಡಿದು ಎಷ್ಟು ಹೊತ್ತು ನೋಡಿದರೂ ಇದು ತಿಳಿಯದು, ವಾಲಿಸಲೇಬೇಕು. ತರಗತಿಯಲ್ಲಿ ಮೂವರು ಹುಡುಗರು ಒಂದೇ ಪ್ರಶ್ನೆಗೆ ಉತ್ತರ ಬರೆಯದೆ ಖಾಲಿ ಬಿಟ್ಟಿರುತ್ತಾರೆ: ಒಬ್ಬನಿಗೆ ವಿಷಯ ಹತ್ತಿಲ್ಲ, ಇನ್ನೊಬ್ಬ ರಾತ್ರಿಯೆಲ್ಲ ಅಂಗಡಿಯಲ್ಲಿ ದುಡಿದು ತೂಕಡಿಸಿದ್ದಾನೆ, ಮೂರನೆಯವನ ಮನೆಯಲ್ಲಿ ಹಿಂದಿನ ಸಂಜೆ ಹೊಡೆದಾಟವಾಗಿದೆ. ಮೂವರಿಗೂ ಸೊನ್ನೆ ಹಾಕುವುದೇ ಸರಿ, ಉತ್ತರ ಇಲ್ಲವಷ್ಟೆ. ಆದರೆ ಮೂರು ಸೊನ್ನೆಗಳೂ ಒಂದೇ ಎಂದುಕೊಂಡ ಮೇಷ್ಟ್ರು ಪತ್ರಿಕೆಗಳನ್ನು ಎಣಿಸಿದ್ದಾನೆ ಹೊರತು ನೋಡಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಸಂಗ್ರಾಹಕರ ಲೋಕದಲ್ಲಿ ಅತ್ಯಂತ ಮನ್ನಣೆ ಯಾವುದಕ್ಕೆ? ಯಾರ ಹಸಿವನ್ನೂ ತೀರಿಸದ, ಯಾರ ಸಾಲವನ್ನೂ ಕಟ್ಟದ, ಯಾವ ಮಗುವಿಗೂ ಪೆಪ್ಪರಮಿಂಟು ಕೊಡಿಸದ ನಾಣ್ಯಕ್ಕೆ. ನಾಣ್ಯ ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ಅದು ಮಾಡದಿದ್ದುದೇ ಅದರ ಹಿರಿಮೆ! ಕನ್ನಡದಲ್ಲಿ ನಾವು ‘ನಾಣ್ಯ’ ಎಂಬ ಮಾತನ್ನೇ ಗುಣಕ್ಕೂ ಬಳಸುತ್ತೇವೆ. ನಾಣ್ಯವಾದ ಸರಕು ಎಂದರೆ ಒಳ್ಳೆಯ ಸರಕು, ನಾಣ್ಯಸ್ಥ ಎಂದರೆ ನಂಬತಕ್ಕ ಮನುಷ್ಯ. ಅದೇ ಬಾಯಲ್ಲಿ ಸವಕಲು ನಾಣ್ಯ ಎಂದು ಬೈಗಳನ್ನೂ ಇಟ್ಟುಕೊಂಡಿದ್ದೇವೆ. ನಾಣ್ಯಸ್ಥನಾದವನು ನಾಲ್ಕು ಜನರ ಕೈಗೆ ಸಿಕ್ಕು ಸವೆಯದೆ ಇರಲು ಸಾಧ್ಯವೇ? ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಈ ಲೋಕವನ್ನು ಕಮ್ಮಟಕ್ಕೆ, ಎಂದರೆ ಟಂಕಸಾಲೆಗೆ, ಹೋಲಿಸಿದರು. ಆದರೆ ಅವರು ಅಲ್ಲಿ ಎತ್ತಿದ್ದು ಹೊಳಪಿನ ಪ್ರಶ್ನೆಯನ್ನಲ್ಲ, ಸಲ್ಲುವ ಪ್ರಶ್ನೆಯನ್ನು.

ಸಲ್ಲುವುದು ಎಂಬುದರ ಅರ್ಥವೂ ಕಾಲಕಾಲಕ್ಕೆ ಬದಲಾಗಿದೆ. ನಮ್ಮ ತಾತಂದಿರ ಕಾಲದ ರೂಪಾಯಿ ಬೆಳ್ಳಿಯದು. ೧೯೪೦ರವರೆಗೂ ಅದರಲ್ಲಿ ನೂರಕ್ಕೆ ತೊಂಬತ್ತೊಂದು ಪಾಲಿಗಿಂತ ಹೆಚ್ಚು ಬೆಳ್ಳಿಯಿತ್ತು; ಆ ವರ್ಷ ಅದು ಅರ್ಧಕ್ಕೆ ಇಳಿಯಿತು; ಯುದ್ಧ ಮುಗಿದ ಮೇಲೆ ಬೆಳ್ಳಿ ಹೋಗಿ ನಿಕಲ್ ಬಂತು. ಬೆಳ್ಳಿಯ ಕಾಲದಲ್ಲಿ ಖಜಾನೆಯ ಶರಾಫನು ರೂಪಾಯಿಯನ್ನು ಕಲ್ಲಿನ ಮೇಲೆ ಟಣ್ ಎನಿಸಿ ಕಿವಿಯಿಂದ ಪರೀಕ್ಷಿಸುತ್ತಿದ್ದ. ಅಂದು ನಾಣ್ಯ ಸವೆದರೆ ಬೆಲೆಯೇ ಸವೆದಂತೆ. ಇಂದಿನ ಸ್ಟೀಲು ರೂಪಾಯಿಯಲ್ಲಿ ಹಾಗಲ್ಲ. ಅದರ ಬೆಲೆ ಲೋಹದಲ್ಲಿಲ್ಲ, ನಮ್ಮ ನಮ್ಮ ನಂಬಿಕೆಯಲ್ಲಿದೆ. ಸವೆದ ರೂಪಾಯಿಯೂ ಹೊಳೆಯುವ ರೂಪಾಯಿಯೂ ಅಂಗಡಿಯಲ್ಲಿ ಒಂದೇ ತೂಕದ ಸಕ್ಕರೆ ತರುತ್ತವೆ. ಆದ್ದರಿಂದ ದರ್ಜೆ ಬೇರೆ, ಬೆಲೆ ಬೇರೆ. ನಾಣ್ಯ ತನ್ನ ಹುಟ್ಟಿನ ಗಳಿಗೆಯಿಂದ ಎಷ್ಟು ದೂರ ಬಂದಿದೆ ಎಂದು ದರ್ಜೆ ಹೇಳುತ್ತದೆ. ಎಷ್ಟು ಕೆಲಸ ಮಾಡಬಲ್ಲದು ಎಂಬುದನ್ನು ಬೆಲೆ ಹೇಳುತ್ತದೆ. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದಾಗಲೇ ಅನ್ಯಾಯ ಹುಟ್ಟುವುದು.

ಹಾಗೆ ಕೂರಿಸಿದ ಒಬ್ಬ ದೊಡ್ಡ ವಿದ್ವಾಂಸನ ಕಥೆಯನ್ನು ಇಲ್ಲಿ ಹೇಳಬೇಕು. ಇಂದು ಜಗತ್ತಿನಾದ್ಯಂತ ನಾಣ್ಯಗಳಿಗೆ ೧ರಿಂದ ೭೦ರವರೆಗೆ ಅಂಕ ಹಾಕುವ ಪದ್ಧತಿಯಿದೆ. ಅದನ್ನು ಮೊದಲು ಮಾಡಿದವನು ಅಮೆರಿಕದ ವಿಲಿಯಂ ಶೆಲ್ಡನ್. ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳ ಮೇಲೆ ೧೯೪೯ರಲ್ಲಿ ಅವನು ಬರೆದ ಪುಸ್ತಕದಲ್ಲಿ ಈ ಪದ್ಧತಿ ಬಂತು. ಗುರುತು ಸಿಕ್ಕುವಷ್ಟೇ ಉಳಿದ ನಾಣ್ಯಕ್ಕೆ ಒಂದು ಡಾಲರು ಬೆಲೆಯಾದರೆ, ಲೋಪವಿಲ್ಲದ ಅದೇ ನಾಣ್ಯಕ್ಕೆ ಎಪ್ಪತ್ತು ಡಾಲರು ಎಂಬ ಲೆಕ್ಕ. ಆದರೆ ಶೆಲ್ಡನ್ನನ ವೃತ್ತಿ ನಾಣ್ಯಗಳದ್ದಲ್ಲ, ಅವನು ಮನಶ್ಶಾಸ್ತ್ರಜ್ಞ. ನಾಣ್ಯಗಳಿಗೆ ಅಂಕ ಹಾಕುವ ಮೊದಲೇ ಅವನು ಮನುಷ್ಯರ ದೇಹಗಳಿಗೆ ಅಂಕ ಹಾಕುತ್ತಿದ್ದ. ಕಾಲೇಜು ವಿದ್ಯಾರ್ಥಿಗಳನ್ನು ಬೆತ್ತಲೆ ನಿಲ್ಲಿಸಿ ತೆಗೆದ ಸಾವಿರಾರು ಫೋಟೋಗಳನ್ನು ಅಳೆದು, ಪ್ರತಿಯೊಬ್ಬನ ಮೈಕಟ್ಟಿಗೂ ೧ರಿಂದ ೭ರವರೆಗಿನ ಮೂರು ಅಂಕ ಕೊಟ್ಟು, ಆ ಅಂಕಗಳಿಂದ ಅವನ ಸ್ವಭಾವವನ್ನೇ ಹೇಳಬಹುದೆಂದು ವಾದಿಸಿದ. ಆ ವಾದವನ್ನು ಮನಶ್ಶಾಸ್ತ್ರ ಈಗ ಕೈಬಿಟ್ಟಿದೆ. ನಾಣ್ಯದ ಪದ್ಧತಿ ಮಾತ್ರ ಉಳಿಯಿತು. ಮೇಲ್ಮೈಯನ್ನು ನೋಡಿ ಮೇಲ್ಮೈಯ ವಿಷಯವನ್ನೇ ಹೇಳುತ್ತದೆಯಾದ್ದರಿಂದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಶೆಲ್ಡನ್ ೧೯೭೭ರಲ್ಲಿ ತೀರಿಕೊಂಡ. ಆಮೇಲೆ ಒಂದು ಸಂಗತಿ ಬಯಲಾಯಿತು: ನ್ಯೂಯಾರ್ಕಿನ ಅಮೆರಿಕನ್ ನಾಣ್ಯಶಾಸ್ತ್ರ ಸಂಘದ ಸಂಗ್ರಹದಿಂದ ಒಳ್ಳೆಯ ದರ್ಜೆಯ ಸೆಂಟುಗಳನ್ನು ತಾನು ತೆಗೆದುಕೊಂಡು, ಅವುಗಳ ಜಾಗದಲ್ಲಿ ಕೆಳದರ್ಜೆಯವನ್ನು ಇಟ್ಟು ಬಂದಿದ್ದ. ನಾಣ್ಯಗಳನ್ನು ಮರಳಿ ಪಡೆಯಲು ಸಂಘದವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ದರ್ಜೆಗಳ ವ್ಯತ್ಯಾಸ ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಆ ಬಲ್ಮೆಯೇ ಕಳ್ಳತನದ ಉಪಕರಣವಾಯಿತು. ಕಣ್ಣು ಸೂಕ್ಷ್ಮವಾದ ಮಾತ್ರಕ್ಕೆ ಮನಸ್ಸು ಶುದ್ಧವಾಗುವುದಿಲ್ಲ. ತೀರ್ಪುಗಾರನು ತನ್ನ ತೀರ್ಪಿನಿಂದ ತಾನೇ ಲಾಭ ಪಡೆಯುವಂತಾದರೆ, ಎಷ್ಟು ದೊಡ್ಡ ಭೂತಗನ್ನಡಿಯೂ ಅವನನ್ನು ಕಾಪಾಡಲಾರದು.

ಇಷ್ಟೆಲ್ಲ ತಿಳಿದಿದ್ದೂ, ಒಂದು ದಿನ ತೀರ್ಪು ಹೇಳುವುದು ನನಗೆ ನಿಜಕ್ಕೂ ಕಷ್ಟವಾಯಿತು. ನಮ್ಮ ಬೀದಿಯ ಒಬ್ಬ ವಯಸ್ಸಾದ ತಾಯಿ ಎರಡು ಬಿಸ್ಕತ್ತಿನ ಡಬ್ಬಿಗಳನ್ನು ಹೊತ್ತುಕೊಂಡು ಮನೆಗೆ ಬಂದರು. ಆಕೆಯ ಯಜಮಾನರು ಕುಣಿಗಲ್ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ತೀರಿಕೊಂಡು ಕೆಲವು ವರ್ಷವಾಗಿತ್ತು. ಟಿಕೆಟ್ ಹಣದಲ್ಲಿ ಹೊಚ್ಚಹೊಸ ನಾಣ್ಯ ಕಂಡಾಗ ತಮ್ಮ ಜೇಬಿನ ಹಣ ಚೀಲಕ್ಕೆ ಹಾಕಿ ಅದನ್ನು ತೆಗೆದಿಡುತ್ತಿದ್ದರಂತೆ. “ಮೇಷ್ಟ್ರೇ, ಇದಕ್ಕೆ ಏನಾದ್ರೂ ಬರ್ತದಾ ನೋಡಿ. ಫೋನ್ನಾಗೆ ಹಳೇ ಕಾಸಿಗೆ ಲಕ್ಷ ಲಕ್ಷ ಕೊಡ್ತೀವಿ ಅಂತಾರೆ. ಮೊಮ್ಮಗಳ ಕಾಲೇಜಿನ ಫೀಸಿಗಾದ್ರೂ ಆದೀತು ಅಂತ” ಎಂದರು.

ಮೊದಲನೆಯ ಡಬ್ಬಿ ತೆರೆದೆ. ಘೇಂಡಾಮೃಗದ ಇಪ್ಪತ್ತೈದು ಪೈಸೆಗಳಿದ್ದವು, ಭಾರತದ ನಕ್ಷೆಯಿರುವ ಹನ್ನೊಂದು ಮೂಲೆಯ ಎರಡು ರೂಪಾಯಿಗಳಿದ್ದವು, ದಪ್ಪನೆಯ ಐದು ರೂಪಾಯಿಗಳಿದ್ದವು, ಎರಡು ಬಣ್ಣದ ಹತ್ತು ರೂಪಾಯಿಗಳಿದ್ದವು. ಎಲ್ಲವೂ ಫಳಫಳ ಎನ್ನುತ್ತಿದ್ದವು. ಆ ಹೊಳಪು ನೋಡಿದ ಕೂಡಲೆ ನನಗೆ ತಿಳಿಯಿತು. ದೀಪದ ಕೆಳಗೆ ವಾಲಿಸಿದೆ, ಬೆಳಕು ಸುತ್ತಲಿಲ್ಲ. ಮೇಲ್ಮೈಯ ತುಂಬ ಕೂದಲೆಳೆಯಂಥ ಗೀರುಗಳು. ಹಬ್ಬಕ್ಕೆ ಪೂಜೆಯ ಪಾತ್ರೆ ಬೆಳಗುವ ಹಾಗೆ ಆಕೆ ಹುಣಸೆಹುಳಿ, ಬೂದಿ ಹಾಕಿ, ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಒಂದೊಂದನ್ನೂ ತಿಕ್ಕಿದ್ದರು. ಯಜಮಾನರು ಯಾವ ಹೊಳಪನ್ನು ಕಂಡು ಅವುಗಳನ್ನು ಆರಿಸಿದ್ದರೋ ಅದು ಒಂದು ಮಧ್ಯಾಹ್ನದ ಶ್ರದ್ಧೆಯ ದುಡಿಮೆಯಲ್ಲಿ ಹೋಗಿತ್ತು. ಎರಡನೆಯ ಡಬ್ಬಿಯನ್ನು ಇನ್ನೂ ಮುಟ್ಟಿರಲಿಲ್ಲ.

ಏನು ಹೇಳಬೇಕು? ದಯೆಯೆಂಬುದು ಸುಳ್ಳಿಗೆ ಬಹಳ ಹತ್ತಿರದ ನೆಂಟ. ಅಂಥ ಗಳಿಗೆಯಲ್ಲಿ ಇಬ್ಬರೂ ಜೊತೆಯಾಗಿಯೇ ಬಂದು ಬಾಗಿಲು ತಟ್ಟುತ್ತಾರೆ. ‘ಚೆನ್ನಾಗಿದೆ ತಾಯಿ, ನೆನಪಿಗೆ ಇಟ್ಟುಕೊಳ್ಳಿ’ ಎಂದು ಹೇಳಿ ಕಳಿಸಬಹುದಿತ್ತು. ಆಕೆ ಸಂತೋಷವಾಗಿಯೇ ಹೋಗುತ್ತಿದ್ದರು. ಮನೆಗೆ ಹೋಗಿ ಎರಡನೆಯ ಡಬ್ಬಿಯನ್ನೂ ತಿಕ್ಕುತ್ತಿದ್ದರು. ಫೋನಿನಲ್ಲಿ ಲಕ್ಷದ ಆಸೆ ತೋರಿಸಿದವರು ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರೆ ಕಟ್ಟುತ್ತಿದ್ದರೋ ಏನೋ. ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೇಳುವ ಇಂಥ ವಂಚಕರ ವಿಷಯದಲ್ಲಿ ೨೦೨೧ರಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಬೇಕಾಯಿತು.

ಆದ್ದರಿಂದ ಇದ್ದದ್ದನ್ನು ಹೇಳಿದೆ. ಇವೆಲ್ಲ ಲೆಕ್ಕವಿಲ್ಲದಷ್ಟು ಟಂಕಿಸಿದ ನಾಣ್ಯಗಳು. ಲಕ್ಷವಿರಲಿ, ಫೀಸಿನ ಒಂದು ಕಂತಿಗೂ ಸಾಲವು. ಇಪ್ಪತ್ತೈದು ಪೈಸೆ ೨೦೧೧ರಲ್ಲಿಯೇ ಚಲಾವಣೆಯಿಂದ ಹೋಯಿತು, ಅದಕ್ಕೆ ಈಗ ಆ ಬೆಲೆಯೂ ಇಲ್ಲ. ಉಳಿದವಕ್ಕೆ ಮುಖಬೆಲೆ ಉಂಟು. ಶುಲ್ಕ ಕೇಳುವವರಿಗೆ ಒಂದು ಕಾಸೂ ಕೊಡಬೇಡಿ. ಇಷ್ಟು ಹೇಳಿ ನಿಲ್ಲಿಸಿದೆ. ಆಕೆ ಸ್ವಲ್ಪ ಹೊತ್ತು ನಾಣ್ಯಗಳನ್ನೇ ನೋಡುತ್ತಿದ್ದು ಕೇಳಿದರು: “ಉಜ್ಜಬಾರ್ದಾಗಿತ್ತಾ, ಮೇಷ್ಟ್ರೇ?”

“ಸಂಗ್ರಹ ಮಾಡುವವರು ಉಜ್ಜೋದಿಲ್ಲ ತಾಯಿ. ಉಜ್ಜಿದರೆ ಮೊದಲಿನ ಹೊಳಪು ಹೋಗ್ತದೆ” ಎಂದೆ. ಅದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಹೆಚ್ಚಿಗೆ ಆಡಲು ನನ್ನಲ್ಲಿ ಹಕ್ಕಿರಲಿಲ್ಲ. ನಾಣ್ಯದ ಮೇಲ್ಮೈಯ ವಿಷಯ ನನಗೆ ತಿಳಿದಿತ್ತು. ಆಕೆ ಮಾಡಿದ್ದು ಸರಿಯೇ ತಪ್ಪೇ ಎಂಬುದು ಭೂತಗನ್ನಡಿಗೆ ನಿಲುಕುವ ವಿಷಯವಲ್ಲ. ಕಮಲವಿರುವ ಹಿತ್ತಾಳೆಬಣ್ಣದ ಇಪ್ಪತ್ತು ಪೈಸೆಗಳನ್ನು ಲಕ್ಷ್ಮೀಪೂಜೆಗೆಂದು ಎತ್ತಿಟ್ಟು ತೊಳೆದು ಬೆಳಗುವ ಮನೆಗಳಿವೆ. ಅಲ್ಲಿ ಬೆಳಗುವುದೇ ಸರಿ. ಸತ್ತವರ ವಸ್ತುವನ್ನು ಕೊಳೆಯಾಗಿ ಇಡಬಾರದೆಂದು ಕಲಿತ ಕೈ ಅದು. ಅದರ ಶ್ರದ್ಧೆಗೆ ಕೆಳದರ್ಜೆ ಹಾಕಲು ನಾನು ಯಾರು? ಆಕೆ ಡಬ್ಬಿಯ ಮುಚ್ಚಳ ಹಾಕಿದರು. “ಇನ್ನೊಂದ್ನ ಹಂಗೇ ಇಡ್ಲಾ?” ಎಂದರು. “ಹಾಗೇ ಇಡಿ. ಮೊಮ್ಮಗಳಿಗೆ ಕೊಡಿ, ಅವಳ ತಾತ ಆರಿಸಿದ್ದು ಅಂತ ಹೇಳಿ” ಎಂದೆ. ಫೀಸಿನ ಮಾತು ಇಬ್ಬರೂ ಎತ್ತಲಿಲ್ಲ. ಆ ಕಷ್ಟ ನನ್ನ ಸತ್ಯದಿಂದ ತೀರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು.

ತಿಕ್ಕಿದ ಹತ್ತು ರೂಪಾಯಿಗಳನ್ನು ಆಕೆ ಹಾಲಿನವನಿಗೆ ಕೊಡಹೋದರು, ಆತ ಬೇಡವೆಂದ. ತಿಕ್ಕಿದ್ದಕ್ಕಲ್ಲ, ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲ ಎಂಬ ವದಂತಿಗೆ. ನಮ್ಮ ಕಡೆ ಈ ವದಂತಿ ಬಹಳ ವರ್ಷಗಳದ್ದು. ಒಂದರಲ್ಲಿ ಹತ್ತು ಕಿರಣ, ಇನ್ನೊಂದರಲ್ಲಿ ಹದಿನೈದು ಕಿರಣ, ಯಾವುದೋ ಒಂದು ಖೋಟಾ ಇರಬೇಕು ಎಂದು ಶುರುವಾಗಿ, ಕಡೆಗೆ ಎಲ್ಲವೂ ಬೇಡವೆಂಬಲ್ಲಿಗೆ ಮುಟ್ಟಿತು. ೨೦೧೮ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಅದುವರೆಗೆ ಹೊರಡಿಸಿದ ಹದಿನಾಲ್ಕು ವಿನ್ಯಾಸಗಳೂ ಸಲ್ಲುತ್ತವೆಂದು ಪ್ರಕಟಣೆ ಕೊಟ್ಟಿತು. ಆದರೂ ಕೆಲವು ಅಂಗಡಿಗಳಲ್ಲಿ ನಾಣ್ಯ ಮುಂದೆ ಮಾಡಿದರೆ ಇಂದಿಗೂ ತಲೆ ಅಡ್ಡಡ್ಡ ಆಡುತ್ತದೆ. ಹೊಚ್ಚಹೊಸದಾಗಿ ಹೊಳೆಯುವ ನಾಣ್ಯವೂ ನೆರೆಯವರ ನಂಬಿಕೆಯಿಲ್ಲದೆ ಬರಿಯ ಬಿಲ್ಲೆ. ಕೊನೆಗೆ ಆಕೆ ಬ್ಯಾಂಕಿಗೆ ಹೋಗಿ ಅವುಗಳನ್ನು ನೋಟು ಮಾಡಿಸಿಕೊಂಡರು.

ನಮ್ಮ ಕಾನೂನು ಈ ವಿಷಯದಲ್ಲಿ ಸಂಗ್ರಾಹಕರಿಗಿಂತ ವಿವೇಕಿ ಎಂದು ನನಗೆ ತೋರುತ್ತದೆ. ೨೦೧೧ರ ನಾಣ್ಯ ಕಾಯಿದೆಯಂತೆ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಒಂದು ಸಾವಿರ ರೂಪಾಯಿಯವರೆಗಿನ ಪಾವತಿಗೆ ಸಲ್ಲುತ್ತವೆ. ಆದರೆ ಎರಡು ಷರತ್ತುಗಳಿವೆ. ನಾಣ್ಯವನ್ನು ವಿರೂಪಗೊಳಿಸಿರಬಾರದು, ತೂಕ ನಿಗದಿಯಾದ ಮಿತಿಗಿಂತ ಕೆಳಗೆ ಇಳಿದಿರಬಾರದು. ಸವೆತಕ್ಕೆ ಕಾನೂನು ಸ್ವಲ್ಪ ಅವಕಾಶ ಬಿಟ್ಟಿದೆ, ಬೇಕೆಂದು ಮಾಡಿದ ಗಾಯಕ್ಕೆ ಬಿಟ್ಟಿಲ್ಲ. ಹೊಳಪಿನ ಮಾತನ್ನು ಆ ಷರತ್ತುಗಳು ಎತ್ತುವುದೇ ಇಲ್ಲ. ದುಡಿಯುವವನು ಸವೆಯುತ್ತಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಇಷ್ಟರವರೆಗೆ ಸವೆದರೂ ನೀನು ಪೂರ್ತಿ ರೂಪಾಯಿಯೇ ಎಂದು ಹೇಳುವ ಈ ಮಾತಿನಲ್ಲಿ ಎಷ್ಟೋ ಧರ್ಮವಿದೆ.

ಕೆಲವರು ಹೇಳುತ್ತಾರೆ: ದರ್ಜೆ ಹಾಕುವುದೇ ಅಹಂಕಾರ, ಅದನ್ನು ಬಿಟ್ಟುಬಿಡಿ, ಎಲ್ಲ ನಾಣ್ಯವೂ ಒಂದೇ, ಎಲ್ಲ ಮನುಷ್ಯರೂ ಒಂದೇ. ಕೇಳಲು ಉದಾರವಾಗಿದೆ. ಆದರೆ ದರ್ಜೆ ಬಿಟ್ಟ ಪೇಟೆಯಲ್ಲಿ ಗೆಲ್ಲುವವನು ಸಾಧುವಲ್ಲ, ತಿಕ್ಕಿ ಹೊಳಪೇರಿಸಿ ಹೊಸದೆಂದು ಮಾರುವವನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಬಲ್ಲವರು ಒಬ್ಬರಾದರೂ ಊರಿನಲ್ಲಿರಬೇಕು. ನನಗೆ ಬೇಕಾದದ್ದು ದರ್ಜೆಯಿಲ್ಲದ ಲೋಕವಲ್ಲ; ತನ್ನ ಎಲ್ಲೆಯನ್ನು ಅರಿತ ದರ್ಜೆ. ದರ್ಜೆಯನ್ನು ನಿಜವಾಗಿಯೇ ಹೇಳಬೇಕು, ದಾಕ್ಷಿಣ್ಯಕ್ಕೆ ಒಂದು ಮೆಟ್ಟಿಲು ಏರಿಸಬಾರದು. ಅದು ಯಾವುದರ ದರ್ಜೆ ಎಂಬುದನ್ನು ಜೊತೆಗೇ ಹೇಳಬೇಕು. ಹೇಳುವ ಮೊದಲು ಬೆಳಕಿನ ಕೆಳಗೆ ವಾಲಿಸಿ, ಇದು ಹುಟ್ಟಿನ ಕೊರತೆಯೋ, ದುಡಿಮೆಯ ಸವೆತವೋ, ಪರರ ಗಾಯವೋ ಎಂದು ನೋಡಬೇಕು. ಹೇಳಿದ ಮೇಲೆ ಅಲ್ಲಿಗೆ ನಿಲ್ಲಿಸಬೇಕು. ಕೊನೆಯದು ಎಲ್ಲಕ್ಕಿಂತ ಕಷ್ಟ. ಮೇಷ್ಟ್ರುಗಳಿಗಂತೂ ಇನ್ನೂ ಕಷ್ಟ.

ನನ್ನ ಪೆಟ್ಟಿಗೆಯಲ್ಲಿ ೧೯೯೨ರ ಎರಡು ರೂಪಾಯಿಗಳು ಅಕ್ಕಪಕ್ಕ ಇವೆ. ಒಂದರಲ್ಲಿ ಬೆಳಕು ಇನ್ನೂ ಸುತ್ತುತ್ತದೆ. ಇನ್ನೊಂದರಲ್ಲಿ ಸಿಂಹಗಳ ಮುಖವಿಲ್ಲ, ತೆನೆಯಲ್ಲಿ ಕಾಳಿಲ್ಲ, ಇಸವಿ ಮಾತ್ರ ಕಷ್ಟಪಟ್ಟು ಓದಬಹುದು. ಸ್ಟೀಲು ಹೀಗೆ ಸವೆಯಬೇಕಾದರೆ ಎಷ್ಟು ಕೈ ದಾಟಿರಬೇಕು! ಮೊದಲನೆಯದರ ಚೀಟಿಯಲ್ಲಿ ‘ಚಲಾವಣೆಯಾಗಿಲ್ಲ’ ಎಂದು ಬರೆದಿದ್ದೇನೆ. ಎರಡನೆಯದರ ಚೀಟಿಯಲ್ಲಿ ಅದರ ದರ್ಜೆಯನ್ನು, ಇರುವಷ್ಟೇ ಕೆಳಗೆ, ಬರೆದಿದ್ದೇನೆ. ಅದರ ಕೆಳಗೆ ‘ಚಲಾವಣೆಯಾಗಿದೆ’ ಎಂದು ಸೇರಿಸಿದ್ದೇನೆ. ಶಾಸ್ತ್ರದ ಪ್ರಕಾರ ಆ ಎರಡನೆಯ ಸಾಲು ಅನಾವಶ್ಯಕ. ಆದರೂ ಅಳಿಸಲು ಮನಸ್ಸು ಬಂದಿಲ್ಲ.